ಪರವೂರಿನಲ್ಲಿ ವಾಚ್ ರಿಪೇರಿ ಅಂಗಡಿ ಇಡುವವರಿಗೆ

ವಾಚನ್ನು ಗಿರಾಕಿಯ ಕಣ್ಣೆದುರೇ ಬಿಚ್ಚಿ. ಹೊಸ ಊರಿನಲ್ಲಿ ಅಂಗಡಿ ಇಡುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಾನು ಹಾವೇರಿ ಕಡೆಯಿಂದ ಬಂದು ಕಾಸರಗೋಡಿನ ಹಳೆ ಬಸ್ ಸ್ಟ್ಯಾಂಡ್ ಹತ್ತಿರ ಕೂತವನು. ಒಳ್ಳೆ ಪಾರ್ಟ್ ತೆಗೆದು ಹಳೇದು ಹಾಕ್ತಾರೆ ಅನ್ನೋ ಅನುಮಾನ ಎಲ್ಲ ಊರಲ್ಲೂ ಇದೆ. ಗುರುತಿಲ್ಲದವನ ಮೇಲಂತೂ ಜಾಸ್ತಿ. ಅದಕ್ಕೆ ಬೇಜಾರು ಮಾಡ್ಕೋಬೇಡಿ. ಬದಲಿಸಿದ ಪಾರ್ಟನ್ನು ಸಣ್ಣ ಕವರಿಗೆ ಹಾಕಿ ವಾಚಿನ ಜೊತೆ ವಾಪಸ್ ಕೊಡಿ. ಕೇಳದಿದ್ದರೂ ಕೊಡಿ.

ರೋಲೆಕ್ಸ್ ವಾಚ್ ಕಂಪನಿ ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ ಕೂಡ ಹೊರಗಿನಿಂದ ಬಂದವರೇ. 1881ರಲ್ಲಿ ಜರ್ಮನಿಯ ಕುಲ್ಮ್‌ಬಾಕ್‌ನಲ್ಲಿ ಹುಟ್ಟಿದರು. 1905ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಡೇವಿಸ್ ಜೊತೆ ವಾಚ್ ವ್ಯಾಪಾರಕ್ಕೆ ಇಳಿದಾಗ ಅವರಿಗೆ 24 ವರ್ಷ. ಆಗ ಗಂಡಸರ ಜೇಬಿನಲ್ಲಿ ಚೈನಿನ ಗಡಿಯಾರ. ಕೈಗೆ ಕಟ್ಟುವುದು ಹೆಂಗಸರ ಒಡವೆ, ಅದು ಟೈಮ್ ಸರಿಯಾಗಿ ತೋರಿಸಲ್ಲ ಅಂತಿದ್ದರು. ವಿಲ್ಸ್‌ಡಾರ್ಫ್ ತಮ್ಮ ವಾಚನ್ನು ಬೇರೆಯವರ ಪರೀಕ್ಷೆಗೆ ಒಡ್ಡಿದರು. 1914ರಲ್ಲಿ ಗಡಿಯಾರಗಳನ್ನು ಪರೀಕ್ಷಿಸುತ್ತಿದ್ದ ಇಂಗ್ಲೆಂಡಿನ ಕ್ಯೂ ಅಬ್ಸರ್ವೇಟರಿ ಅದನ್ನು 45 ದಿನ ಮಲಗಿಸಿ, ನಿಲ್ಲಿಸಿ, ಬಿಸಿಯಲ್ಲಿ, ತಂಪಿನಲ್ಲಿ ಇಟ್ಟು ನೋಡಿ ಎ ದರ್ಜೆಯ ಸರ್ಟಿಫಿಕೇಟ್ ಕೊಟ್ಟಿತು. ಕೈವಾಚಿಗೆ ಅದು ಸಿಕ್ಕಿದ್ದು ಅದೇ ಮೊದಲು.

ನಮ್ಮ ಮೇಜಿನ ಮೇಲೆ ಆ ಪರೀಕ್ಷೆ ಮಾಡುವುದು ಟೈಮ್‌ಗ್ರಾಫರ್, ಅಂದರೆ ವಾಚಿನ ಟಿಕ್ ಟಿಕ್ ಬಡಿತ ಕೇಳಿ ಸ್ಕ್ರೀನಿನ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ. ಬಾಡಿಗೆ, ಲೈಸೆನ್ಸ್ ಎಲ್ಲ ಹೇಗೋ ಆಗುತ್ತದೆ, ಇದಕ್ಕೆ ಮಾತ್ರ ದುಡ್ಡು ಎತ್ತಿಡಿ. ಸ್ಕ್ರೀನನ್ನು ಗಿರಾಕಿಯ ಕಡೆಗೇ ತಿರುಗಿಸಿ. ಎಚ್‌ಎಂಟಿ ಜನತಾ ಆದರೆ ಗಂಟೆಗೆ 18,000 ಬಡಿತ. ಗಲ್ಫಿನಿಂದ ಬಂದವರ ಕೈಯಲ್ಲಿ ಇಲ್ಲಿ ಜಾಸ್ತಿ ಕಾಣುವ ಸೈಕೋ ಫೈವ್ ಆದರೆ ಸಾಮಾನ್ಯವಾಗಿ 21,600. ಗೆರೆ ಮೇಲಕ್ಕೆ ಹೋದರೆ ವಾಚ್ ಫಾಸ್ಟ್, ಕೆಳಕ್ಕೆ ಇಳಿದರೆ ಸ್ಲೋ. "ನೋಡಿ ಅಣ್ಣ, ದಿನಕ್ಕೆ ಇಷ್ಟು ಸೆಕೆಂಡ್ ಹಿಂದೆ ಬೀಳ್ತಿದೆ" ಅಂತ ತೋರಿಸಿ. ಡಯಲ್ ಮೇಲೆ ಮಾಡಿ, ಕೆಳಗೆ ಮಾಡಿ, ಪಕ್ಕದ ಕೀ ಕೆಳಗೆ ಬರುವಂತೆ ನಿಲ್ಲಿಸಿ ಮೂರು ಸಲ ನೋಡಿ. ಬಿಲ್ಲಿನ ಹಿಂದೆ ಬರೆದಿಡಿ. ರಿಪೇರಿ ಆದ ಮೇಲೆ ಅದೇ ಮೂರನ್ನು ಮತ್ತೆ ತೋರಿಸಿ. ತುಳು, ಮಲಯಾಳ, ಕೊಂಕಣಿ, ಬ್ಯಾರಿ ಯಾವುದು ಮಾತಾಡುವವರಿಗೂ ಆ ಗೆರೆ ಅರ್ಥವಾಗುತ್ತದೆ.

ಈ ಕರಾವಳಿಯಲ್ಲಿ ನಿಮ್ಮ ಕೈ ಪಳಗುವುದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ಗ್ಲಾಸಿನ ಒಳಗೆ ಮಂಜು ಹಿಡಿದ ವಾಚುಗಳು ಬರುತ್ತವೆ. ಬಿಸಿಲಿಗೆ ಇಡಬೇಡಿ. ನೀರು ಆವಿಯಾಗಿ ಒಳಗೇ ಸುತ್ತಿ ಡಯಲ್ ಮೇಲೆ ಕಲೆ ಕೂರುತ್ತದೆ. ಹಿಂದಿನ ಮುಚ್ಚಳ ತೆಗೆದು, ಸ್ಟೆಮ್ (ಕೀಗೆ ಸೇರಿದ ಕಡ್ಡಿ) ಎಳೆದು, ಮೆಷಿನ್ ಹೊರಗೆ ತೆಗೆಯಿರಿ. ಕಣ್ಣಿಗೆ ಐಗ್ಲಾಸ್ (ದೊಡ್ಡದಾಗಿ ತೋರಿಸುವ ಗಾಜು) ಹಾಕಿ ಮೊದಲು ಸ್ಟೆಮ್ ನೋಡಿ. ಬೆವರು, ಉಪ್ಪುಗಾಳಿ ಎರಡೂ ಹೆಚ್ಚಾಗಿ ನುಗ್ಗುವುದು ಕೀ ಕಡೆಯಿಂದ. ಅಲ್ಲಿ ಕೆಂಪು ಪುಡಿ ಕಂಡರೆ ಒಳಗೂ ತುಕ್ಕು ಹೋಗಿರಬಹುದು, ಪೂರ್ತಿ ಬಿಚ್ಚಿ ತೊಳೆಯಲೇಬೇಕು. ಸುಮ್ನೆ ಎಣ್ಣೆ ಬಿಟ್ಟು ಕಳಿಸಬೇಡಿ. ಮುಚ್ಚಳದ ರಬ್ಬರ್ ವಾಷರನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಹೊಸದು ಹಾಕಿ, ತೆಳ್ಳಗೆ ಸಿಲಿಕಾನ್ ಗ್ರೀಸ್ ಸವರಿ. ಬಿಚ್ಚಿದ ವಾಚುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲೇ ಇಡಿ.

ಸೆಲ್ ಹಾಕಿಸಲು ಬಂದವರನ್ನು ಸಣ್ಣ ಗಿರಾಕಿ ಅಂದುಕೊಳ್ಳಬೇಡಿ. ಇವತ್ತು ಸೆಲ್ ಹಾಕಿಸಿದವರೇ ನಾಳೆ ಅಜ್ಜನ ಕೀ ವಾಚ್ ತರುತ್ತಾರೆ.

ತಾರೀಕು ತೋರಿಸುವ ಆಟೊಮ್ಯಾಟಿಕ್ ವಾಚ್ ಕೊಡುವಾಗ ಒಂದು ಮಾತು ಹೇಳಿ ಕಳಿಸಿ. ವಾಚ್ ರಾತ್ರಿ 9ರಿಂದ ಬೆಳಗಿನ ಜಾವ 3ರ ತನಕ ತೋರಿಸುವಾಗ ಕೀ ಎಳೆದು ತಾರೀಕು ತಿರುಗಿಸಬಾರದು. ಆ ಹೊತ್ತಿಗೆ ತಾರೀಕಿನ ಹಲ್ಲುಚಕ್ರ ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಹಲ್ಲು ಮುರಿಯಬಹುದು.