ಹಾವು ಕಡಿತದ ಮೊದಲ ಒಂದು ಗಂಟೆ: ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕರನ್ನು ಸಜ್ಜುಗೊಳಿಸುವ ಬಗೆ

ತಾಲ್ಲೂಕು ಆಸ್ಪತ್ರೆಗೆ ರಾತ್ರಿ ಹೊತ್ತು ಹಾವು ಕಡಿತದ ರೋಗಿಯನ್ನು ಕರೆತಂದಾಗ ಮೊದಲು ಎದುರುಗೊಳ್ಳುವವರು ಸಾಮಾನ್ಯವಾಗಿ ನೈಟ್ ಡ್ಯೂಟಿಯ ಶುಶ್ರೂಷಾಧಿಕಾರಿ. ಅವರ ತಿಳಿವಳಿಕೆಯನ್ನು ಪ್ರಶ್ನೆಪತ್ರಿಕೆಯಿಂದ ಅಳೆದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಎಮರ್ಜೆನ್ಸಿ ಟ್ರಾಲಿಯ ಪಕ್ಕದಲ್ಲಿ, ಗಡಿಯಾರ ನೋಡುತ್ತಾ, ಕೈಯಿಂದಲೇ ಮಾಡಿಸಿ ನೋಡಬೇಕು. ತಿಂಗಳಿಗೊಮ್ಮೆ ಇಂಥ ಅಣಕು ಅಭ್ಯಾಸ ನಡೆಸುವ ಶುಶ್ರೂಷಾ ಅಧೀಕ್ಷಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಗಳು ಹೀಗಿವೆ.

ಮೊದಲಿಗೆ ಉಸಿರಾಟ. ರೋಗಿ ಮಾತನಾಡುತ್ತಿದ್ದಾರೆಯೇ, ಜೊಲ್ಲು ನುಂಗಲಾಗುತ್ತಿದೆಯೇ, ಕಣ್ಣಿನ ರೆಪ್ಪೆ ಜೋಲುತ್ತಿದೆಯೇ, ದಿಂಬಿನಿಂದ ತಲೆ ಎತ್ತಲಾಗುತ್ತಿದೆಯೇ ಎಂಬುದನ್ನು ನೋಡಿ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂಬುದನ್ನು ಸಮಯದೊಂದಿಗೆ ಕೇಸ್ ಶೀಟಿನಲ್ಲಿ ಬರೆಯಬೇಕು. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಊತವಾಗಲಿ ಗುರುತಾಗಲಿ ಕಾಣದೆಯೂ ಇರಬಹುದು. ಆದ್ದರಿಂದ ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಹೊಟ್ಟೆನೋವೆಂದು ಎದ್ದು, ಆಮೇಲೆ ಕಣ್ಣು ತೆರೆಯಲಾರದೆ ಬಂದರೆ, ಹಾವನ್ನು ಯಾರೂ ನೋಡಿಲ್ಲ ಎಂಬ ಕಾರಣಕ್ಕೆ ಆ ಸಾಧ್ಯತೆಯನ್ನು ಕೈಬಿಡಬಾರದು.

ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿಕೊಂಡು ಬಂದಿದ್ದರೆ ಅದನ್ನು ಥಟ್ಟನೆ ಕತ್ತರಿಸಬಾರದು. ಕೆಳಭಾಗದ ನಾಡಿ ನೋಡಿ, ಡ್ರಿಪ್ ಹಾಕಿ, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಗೆಟುಕುವಂತಿಟ್ಟು, ವೈದ್ಯರ ಎದುರಿನಲ್ಲೇ ಸಡಿಲಿಸಬೇಕು.

ಕೊಳಕುಮಂಡಲ ಮತ್ತು ಗರಗಸ ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಇದನ್ನು ಪತ್ತೆಹಚ್ಚುವ 20 ನಿಮಿಷಗಳ ಪರೀಕ್ಷೆಗೆ ಪ್ರಯೋಗಾಲಯದವರೇ ಬೇಕೆಂದಿಲ್ಲ, ಆದರೆ ತಪ್ಪುವುದೂ ಇಲ್ಲಿಯೇ ಹೆಚ್ಚು. ಒಣಗಿದ, ಶುಚಿಯಾದ ಗಾಜಿನ ಪ್ರನಾಳಕ್ಕೆ 2 ಮಿ.ಲೀ. ತಾಜಾ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಬಳಿಕ ಒಮ್ಮೆ ಮಾತ್ರ ವಾಲಿಸಿ ನೋಡಬೇಕು; ರಕ್ತ ನೀರಾಗಿಯೇ ಹರಿದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು. ಪ್ಲಾಸ್ಟಿಕ್ ನಳಿಕೆಯನ್ನಾಗಲಿ ಸೋಪಿನ ಪುಡಿಯಿಂದ ತೊಳೆದ ಗಾಜನ್ನಾಗಲಿ ಬಳಸಿದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸುತ್ತದೆ. ಹೊಸ ಪ್ರನಾಳಗಳನ್ನು ಒಂದು ಡಬ್ಬಿಯಲ್ಲಿ ಬೇರೆಯೇ ಇಟ್ಟು ಟ್ರಾಲಿಯಲ್ಲಿರಿಸುವುದು ಒಳ್ಳೆಯದು. ಫಲಿತಾಂಶ ಸರಿಯಿದ್ದ ಮಾತ್ರಕ್ಕೆ ರೋಗಿಯನ್ನು ಮನೆಗೆ ಕಳುಹಿಸುವಂತಿಲ್ಲ; 24 ಗಂಟೆಗಳ ನಿಗಾ ಬೇಕು.

ವಿಷ ಏರಿರುವ ಲಕ್ಷಣ ಕಂಡು ವೈದ್ಯರು ಪ್ರತಿವಿಷವನ್ನು ಸೂಚಿಸಿದಾಗ, ರೂಢಿಯಲ್ಲಿರುವ ಮೊದಲ ಪ್ರಮಾಣವಾದ 8ರಿಂದ 10 ವಯಲ್‌ಗಳನ್ನು ಕರಗಿಸುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಪುಡಿರೂಪದ ಪ್ರತಿ ವಯಲ್‌ಗೆ ಚುಚ್ಚುಮದ್ದಿಗೆ ಬಳಸುವ 10 ಮಿ.ಲೀ. ಸ್ಟೆರೈಲ್ ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬಂದು, ಅದು ಇಳಿಯುವವರೆಗೆ ಕಾಯುವಂತಾಗುತ್ತದೆ. ಅವಧಿ ಮೀರಿ ಬದಿಗಿರಿಸಿದ ವಯಲ್‌ಗಳಿದ್ದರೆ ಅಭ್ಯಾಸಕ್ಕೆ ಅವನ್ನೇ ಬಳಸಿ, ಮುಗಿದ ಕೂಡಲೇ ವಿಲೇವಾರಿ ಮಾಡಿಸಿ. ಮಕ್ಕಳಿಗೂ ಪ್ರತಿವಿಷದ ಪ್ರಮಾಣ ದೊಡ್ಡವರಷ್ಟೇ ಎಂಬುದನ್ನು ಪ್ರತಿ ಅಭ್ಯಾಸದಲ್ಲೂ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರತಿವಿಷ ಆರಂಭಿಸುವ ಮೊದಲೇ, ಅದರಿಂದ ಅಲರ್ಜಿಯಾದರೆ ಕೊಡಬೇಕಾದ ಅಡ್ರಿನಲಿನ್ ಸಿರಿಂಜ್‌ನಲ್ಲಿ ಸಿದ್ಧವಿರಬೇಕು. ತುರಿಕೆ, ದದ್ದು, ನಡುಕ, ವಾಂತಿ, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ, ವೈದ್ಯರನ್ನು ಕರೆದು, ಆಸ್ಪತ್ರೆಯ ಲಿಖಿತ ಸೂಚನೆಯಂತೆ ವಯಸ್ಕರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡಬೇಕು. ಆ ಲಿಖಿತ ಸೂಚನೆ ಅಧೀಕ್ಷಕರ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ, ಗೋಡೆಯ ಮೇಲಿರಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿರುವುದರಿಂದ ಪ್ರಕರಣವನ್ನು ವರದಿ ಮಾಡುವುದೂ ಅಭ್ಯಾಸದಲ್ಲಿ ಸೇರಲಿ. ಜಿಲ್ಲಾಸ್ಪತ್ರೆಗೆ ಕಳುಹಿಸಬೇಕಾದರೆ ಕಚ್ಚಿದ ಸಮಯ, ಪರೀಕ್ಷೆಯ ಫಲಿತಾಂಶ, ಕೊಟ್ಟ ವಯಲ್‌ಗಳ ಸಂಖ್ಯೆ, ವಿಷದಿಂದ ಸ್ನಾಯುಗಳು ಸೋತಾಗ ಬಳಸುವ ನಿಯೋಸ್ಟಿಗ್ಮಿನ್ ಮತ್ತು ಅಟ್ರೋಪಿನ್ ಕೊಟ್ಟಿದ್ದರೆ ಅದರ ಹೊತ್ತು ಪತ್ರದಲ್ಲಿರಬೇಕು. ರೆಪ್ಪೆ ಜೋಲುತ್ತಿರುವ ರೋಗಿಯ ಜೊತೆ, ಆಂಬು ಬ್ಯಾಗ್ ಒತ್ತಲು ಬರುವ ಒಬ್ಬರು ಆಂಬುಲೆನ್ಸ್ ಹತ್ತಲೇಬೇಕು.