ಏನಾಯ್ತು ಅಂತ ನಾನು ಮೊದಲು ಕೇಳುವುದಿಲ್ಲ

ನಾನು ಕೌನ್ಸೆಲರ್. "ನನಗೆ ಟ್ರಾಮಾ ಆಗಿದೆ", ಅಂದರೆ ಮನಸ್ಸಿಗೆ ಆಘಾತವಾಗಿದೆ, ಎಂದು ಹೇಳಿಕೊಂಡು ನನ್ನ ಹತ್ತಿರ ಬರುವವರು ಕಡಿಮೆ. ಐಟಿ ಕಡೆಯ ಹುಡುಗ ಹುಡುಗಿಯರು ಹೇಳುತ್ತಾರೆ, ಮೊಬೈಲ್‌ನಲ್ಲಿ ನೋಡಿ ಕಲಿತಿರುತ್ತಾರೆ. ಉಳಿದವರದ್ದು ನಿದ್ದೆ ಇಲ್ಲ, ಹೊಟ್ಟೆ ಸಂಕಟ, ಎದೆ ಡವಡವ. ಇಸಿಜಿ, ಥೈರಾಯ್ಡ್, ಸ್ಕ್ಯಾನ್ ಎಲ್ಲ ಮುಗಿಸಿ, ದಪ್ಪ ಫೈಲ್ ಹಿಡಿದು ಬರುತ್ತಾರೆ. ಜೊತೆಗೆ ಮನೆಯವರೊಬ್ಬರು. "ಆಗಿದ್ದು ಆಗ್ಹೋಯ್ತು, ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದಾಳೆ ಮೇಡಂ, ನೀವಾದ್ರೂ ಬುದ್ಧಿ ಹೇಳಿ" ಎಂದು ಅವರೇ ಮಾತು ಶುರು ಮಾಡುತ್ತಾರೆ. ಅವರನ್ನು ಕಾಫಿ ಕೊಟ್ಟು ಹೊರಗೆ ಕೂರಿಸುವುದು ನನ್ನ ಮೊದಲ ಕೆಲಸ.

ಬಸವನಗುಡಿಯಲ್ಲಿ ಮಹಡಿ ಮೇಲೆ ನನ್ನ ಕೋಣೆ. ಯಾವ ಕುರ್ಚಿಯಲ್ಲಿ ಕೂರಬೇಕು ಎಂಬುದು ಬಂದವರ ಇಷ್ಟ. ಜಾಸ್ತಿ ಜನ ಬಾಗಿಲು ಕಾಣುವ ಕಡೆ ಕೂರುತ್ತಾರೆ. ನಾನು ಚಿಲಕ ಹಾಕುವುದಿಲ್ಲ. ಏನಾಯ್ತು ಎಂದು ಕೇಳುವುದೂ ಇಲ್ಲ. ಪೊಲೀಸರು, ಡಾಕ್ಟರು, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಕೇಳಿಯಾಗಿರುತ್ತೆ. ಹೇಳಿದಾಗಲೆಲ್ಲ ಮೈ ನಡುಗಿರುತ್ತೆ, ಆ ನಡುಕ ನಿಲ್ಲಿಸುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಚೇತರಿಕೆಯ ಮೂರು ಹಂತಗಳನ್ನು ವಿವರಿಸಿದರು. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರ ನಡುವೆ ಬೆರೆಯುವುದು. ನಾನು ಕೆಲಸ ಮಾಡುವುದು ಈ ಕ್ರಮದಲ್ಲೇ. ಗಂಡನ ಹೊಡೆತ ತಿಂದವಳು ಇವತ್ತು ರಾತ್ರಿ ಅದೇ ಮನೆಗೆ ಹೋಗುತ್ತಾಳೆ ಅಂದ್ರೆ, ಹಳೆಯದನ್ನು ಕೆದಕಿ ಏನು ಬಂತು? ಮೊದಲು ಅವಳು ಎಲ್ಲಿ ಮಲಗಬೇಕು ಎಂಬುದು ತೀರ್ಮಾನವಾಗಬೇಕು.

ದಿಗಿಲು ಬಂದಾಗ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತೆ. ಆಘಾತ ಪಟ್ಟವರಲ್ಲಿ ಹಲವರಿಗೆ ಕಣ್ಣು ಮುಚ್ಚಿದರೇ ಕಷ್ಟ. ಒಳಗಿನ ಚಿತ್ರ ಇನ್ನೂ ಸ್ಪಷ್ಟವಾಗುತ್ತೆ. ನಾನು ಕಣ್ಣು ಬಿಟ್ಟೇ ಮಾಡಿಸುತ್ತೇನೆ. ಪಾದ ನೆಲಕ್ಕೆ ಒತ್ತಿ, ಕಾಣುವ ಐದು ವಸ್ತು ಹೇಳಿ, ಕೇಳುವ ಸದ್ದು ಹೇಳಿ. ಸೊಪ್ಪಿನವಳ ಕೂಗು, ಪಕ್ಕದ ಮನೆ ಕುಕ್ಕರ್ ವಿಷಲ್, ಬಸ್ಸಿನ ಹಾರ್ನ್. ಈ ಊರಲ್ಲಿ ಸದ್ದಿಗೇನು ಬರ! ಮೊದಮೊದಲು "ಇದೇನು ಮಕ್ಕಳಾಟ" ಎಂಬ ಮುಖ ಮಾಡುತ್ತಾರೆ. ಮನೆಯಲ್ಲಿ ಒಂದು ಸಲ ಕೆಲಸಕ್ಕೆ ಬಂದ ಮೇಲೆ ನಂಬಿಕೆ ಬರುತ್ತೆ.

ಒಬ್ಬ ಕ್ಯಾಬ್ ಡ್ರೈವರ್ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ರಾತ್ರಿ ತುಮಕೂರು ರಸ್ತೆಯಲ್ಲಿ ಅಪಘಾತ. ಅವರಿಗೆ ಗಾಯ ಇಲ್ಲ, ಹಿಂದೆ ಕೂತಿದ್ದವರು ಉಳಿಯಲಿಲ್ಲ. ಆಮೇಲೆ ಗಾಡಿ ಮುಟ್ಟಲಿಲ್ಲ. ಸಾಲದ ಕಂತು ನಿಲ್ಲುವುದಿಲ್ಲವಲ್ಲ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗತೊಡಗಿದರು. ನಾವಿಬ್ಬರೂ ಸೇರಿ ಭಯದ ಪಟ್ಟಿ ಮಾಡಿದೆವು, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ನಿಂತ ಗಾಡಿಯಲ್ಲಿ ಕೂರುವುದಕ್ಕೆ ಕಡಿಮೆ ಅಂಕ. ಹಗಲಲ್ಲಿ ಬಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಡಾವಣೆ ಸುತ್ತುವುದು ಅದರ ಮೇಲೆ. ಬಸ್ಸಿನಲ್ಲಿ ಕೂತು ಆ ರಸ್ತೆ ದಾಟುವುದು ಇನ್ನೂ ಮೇಲೆ. ರಾತ್ರಿ ಅಲ್ಲಿ ತಾವೇ ಓಡಿಸುವುದು ಹತ್ತು. ಕೆಳಗಿನಿಂದ ಶುರು. ಭಯ ಬಂತು ಅಂತ ತಕ್ಷಣ ಇಳಿದು ಓಡಬಾರದು, ಅದು ತಾನಾಗಿ ಇಳಿಯುವವರೆಗೆ ಕೂತಿರಬೇಕು. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತೆ.

ಭಯ ಹೀಗೆ ಮೆತ್ತಗಾಯಿತು. ಜಗ್ಗದೆ ಕೂತಿದ್ದು ತಪ್ಪಿತಸ್ಥ ಭಾವನೆ. "ಎಡಕ್ಕೆ ತಿರುಗಿಸಿದ್ರೆ ಅವರು ಬದುಕ್ತಿದ್ರು ಮೇಡಂ." ಇಂಥ ಹೊತ್ತಲ್ಲಿ "ಛೇ, ನಿಮ್ಮ ತಪ್ಪಲ್ಲ" ಅನ್ನುವುದು ಸುಲಭ. ಅದು ಯಾರ ಕಿವಿಗೂ ಇಳಿಯುವುದಿಲ್ಲ. ಬದಲಿಗೆ ಹಾಳೆ ತೆಗೆದುಕೊಂಡು ರಸ್ತೆ ಬರೆಸಿದೆ. ಆ ಕ್ಷಣದಲ್ಲಿ ಏನೇನು ಕಾಣ್ತಿತ್ತು? ಎಡಗಡೆ ಯಾವ ಗಾಡಿ ಇತ್ತು? ಲಾರಿ ಅಡ್ಡ ಬರುತ್ತೆ ಅಂತ ಯಾವಾಗ ಗೊತ್ತಾಯ್ತು? ಬರೆಯುತ್ತಾ ಬರೆಯುತ್ತಾ ಅವರೇ ಹೇಳಿದರು, ಎಡಗಡೆ ಬೈಕಿತ್ತು, ಅದರ ಮೇಲೆ ಮಗು ಇತ್ತು ಅಂತ. ಅಲ್ಲಿಯವರೆಗೂ ಆ ಬೈಕ್ ಅವರ ಮಾತಿನಲ್ಲಿ ಒಂದು ಸಲವೂ ಬಂದಿರಲಿಲ್ಲ.

ಘಟನೆಯ ಕಥೆ ಎಷ್ಟೇ ಆಳಕ್ಕೆ ಹೋಗಿರಲಿ, ಪ್ರತಿ ಭೇಟಿಯ ಕೊನೆಯ ಕಾಲು ಗಂಟೆ ನಾನು ಅದನ್ನು ನಿಲ್ಲಿಸುತ್ತೇನೆ. ಹೇಗೆ ಮನೆಗೆ ಹೋಗ್ತೀರಿ, ಊಟಕ್ಕೆ ಏನು, ಅಷ್ಟೇ ಮಾತು. ಇಲ್ಲಿಂದ ಹೊರಟವರು ಟ್ರಾಫಿಕ್‌ನಲ್ಲಿ ಸ್ಕೂಟರ್ ಓಡಿಸಬೇಕು, ಅಲ್ವಾ? ದೀಪಾವಳಿ ಹತ್ತಿರ ಬಂದರೆ ಪಟಾಕಿ ಸದ್ದಿಗೆ ಮೊದಲೇ ತಯಾರಿ ಮಾಡಿಸುತ್ತೇನೆ. ಘಟನೆ ನಡೆದ ತಾರೀಕು ಬರುವ ವಾರಕ್ಕೂ ಹಾಗೇ.

ಮೊನ್ನೆ ಮೊನ್ನೆ ಆಘಾತವಾದವರ ಜೊತೆ ಇದ್ಯಾವುದನ್ನೂ ಮಾಡುವುದಿಲ್ಲ. ಮೊದಲ ಕೆಲವು ವಾರ ಕೆಟ್ಟ ಕನಸು, ಬೆಚ್ಚಿಬೀಳುವುದು ಎಲ್ಲ ಸಹಜ. ಬಹುತೇಕರಲ್ಲಿ ಅದು ತಾನೇ ಕಡಿಮೆಯಾಗುತ್ತೆ. ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಎಂದು ಗುರುತಿಸಲು ಕನಿಷ್ಠ ಒಂದು ತಿಂಗಳಾದರೂ ಲಕ್ಷಣ ಇರಬೇಕು. ಮಾನಸಿಕ ಪ್ರಥಮ ಚಿಕಿತ್ಸೆ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳುವುದೂ ಸರಳ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ಬಲವಂತವಾಗಿ ಬಾಯಿ ಬಿಡಿಸಬೇಡಿ.

ಸಾಯುವ ಮಾತು ಬಂದರೆ, ಕುಡಿತ ಕೈಮೀರಿದರೆ ನಾನೊಬ್ಬಳೇ ಇಟ್ಟುಕೊಳ್ಳುವುದಿಲ್ಲ. ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ದುಡ್ಡಿಲ್ಲದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ರಾತ್ರಿ ಎರಡಕ್ಕೆ ದಿಗಿಲಾದರೆ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಕೌನ್ಸೆಲರ್ ಹುಡುಕುವವರು ಬೋರ್ಡ್ ನೋಡಿ ಸುಮ್ನೆ ಒಳಗೆ ಹೋಗಬೇಡಿ. ಏನು ಓದಿದ್ದೀರಿ, ಟ್ರಾಮಾದಲ್ಲಿ ಯಾವ ತರಬೇತಿ ಆಗಿದೆ ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬರೆದುಕೊಂಡಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಂಡರೆ ಎದ್ದು ಬನ್ನಿ.