ರೋವರ್ ಘಟಕವನ್ನು ಹುಡುಗರ ಕೈಗೆ ಒಪ್ಪಿಸುವುದು ಹೇಗೆ?

ಮೈಸೂರಿನ ಕಾಲೇಜುಗಳಲ್ಲಿ ಹೊಸದಾಗಿ ರೋವರ್ ಘಟಕದ, ಅಂದರೆ ಸ್ಕೌಟಿಂಗ್‌ನಲ್ಲಿ ದೊಡ್ಡ ಹುಡುಗರಿಗಾಗಿರುವ ಘಟಕದ, ಹೊಣೆ ಹೊರುವ ಉಪನ್ಯಾಸಕರಲ್ಲಿ ಹಲವರು, ತಾವು ಶಾಲೆಯಲ್ಲಿದ್ದಾಗ ಕಂಡ ಸ್ಕೌಟ್ ದಳವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಆರಂಭಿಸುತ್ತಾರೆ. ಸೀಟಿ ಊದುವವರು ಮೇಷ್ಟರು, ಸಾಲಿನಲ್ಲಿ ನಿಲ್ಲುವವರು ಮಕ್ಕಳು. ಹನ್ನೊಂದು ವರ್ಷದ ಹುಡುಗ ಇದಕ್ಕೆ ಒಗ್ಗಿಕೊಂಡಾನು. ಹದಿನೇಳರ ಹುಡುಗ ಮೂರನೆಯ ವಾರಕ್ಕೆ ಬರುವುದನ್ನೇ ಬಿಡುತ್ತಾನೆ. ವಾಸ್ತವವಾಗಿ ಸ್ಕೌಟಿಂಗ್ ಹುಟ್ಟಿದ್ದೇ ಮಕ್ಕಳ ಕೈಗೆ ಹೊಣೆ ಕೊಡುವ ಪದ್ಧತಿಯಿಂದ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಪ್ರಾಯೋಗಿಕ ಶಿಬಿರದಲ್ಲಿ ಸ್ಕೌಟಿಂಗ್‌ನ ಸ್ಥಾಪಕ ಬೇಡನ್ ಪೊವೆಲ್ ಅವರು ಸುಮಾರು ಇಪ್ಪತ್ತು ಹುಡುಗರನ್ನು ನಾಲ್ಕು ಪ್ಯಾಟ್ರೋಲ್‌ಗಳಾಗಿ ಅಂದರೆ ಚಿಕ್ಕ ತಂಡಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಹುಡುಗನೊಬ್ಬನನ್ನೇ ನಾಯಕನನ್ನಾಗಿ ಮಾಡಿದ್ದರು. ದೊಡ್ಡ ಹುಡುಗರಿಗಾಗಿ 1918ರಲ್ಲಿ ರೋವರ್ ಶಾಖೆ ಆರಂಭವಾದಾಗ ಈ ಹೊಣೆ ಇನ್ನಷ್ಟು ಹೆಚ್ಚಿತು.

ಮೊದಲು ಗುಂಪುಗಳನ್ನು ರಚಿಸಿ. ಐದಾರು ಜನರ ಗುಂಪು ಸಾಕು; ಅದಕ್ಕಿಂತ ದೊಡ್ಡದಾದರೆ ಇಬ್ಬರು ದುಡಿದು ಉಳಿದವರು ನೋಡುತ್ತಾರೆ. ಸ್ನೇಹಿತರು ಒಟ್ಟಿಗೇ ಇರಲಿ, ಆದರೆ ಒಂದೇ ತರಗತಿಯವರು ಒಂದೇ ಗುಂಪಿನಲ್ಲಿ ತುಂಬಿಕೊಳ್ಳದಿರಲಿ. ಪ್ರತಿ ಗುಂಪೂ ತನ್ನ ನಾಯಕನಾದ ಮೇಟ್‌ನನ್ನು ತಾನೇ ಆರಿಸಿಕೊಳ್ಳಬೇಕು. ಚುನಾವಣೆಯನ್ನು ಘಟಕ ಸೇರಿದ ಮೊದಲ ದಿನವೇ ನಡೆಸಿದರೆ ಮಾತುಗಾರನೇ ಗೆಲ್ಲುತ್ತಾನೆ. ಒಂದು ದಿನದ ಹೊರಸಂಚಾರ ಮುಗಿದ ನಂತರ ಚೀಟಿ ಹಾಕಿಸಿದರೆ, ಪಾತ್ರೆ ತೊಳೆದವರು ಯಾರು, ಮರದ ನೆರಳು ಹುಡುಕಿದವರು ಯಾರು ಎಂಬುದು ಎಲ್ಲರಿಗೂ ತಿಳಿದಿರುತ್ತದೆ.

ಎರಡನೆಯದು ಕ್ರೂ ಕೌನ್ಸಿಲ್, ಅಂದರೆ ಘಟಕವನ್ನು ನಡೆಸುವ ಹುಡುಗರ ಮಂಡಳಿ. ಮೇಟ್‌ಗಳು, ಅವರ ಸಹಾಯಕರು, ಎಲ್ಲರ ಪರವಾಗಿ ಸೀನಿಯರ್ ರೋವರ್ ಮೇಟ್, ಸಲಹೆಗಾರರಾಗಿ ರೋವರ್ ಲೀಡರ್ (ಘಟಕದ ಹೊಣೆ ಹೊತ್ತ ಉಪನ್ಯಾಸಕರು) ಇದರಲ್ಲಿರುತ್ತಾರೆ. ಕಾರ್ಯಕ್ರಮ, ಹಣ, ಶಿಸ್ತು ಈ ಮೂರೂ ಇಲ್ಲಿಯೇ ತೀರ್ಮಾನವಾಗಬೇಕು. ಸಭೆಯನ್ನು ಸೀನಿಯರ್ ಮೇಟ್ ನಡೆಸಲಿ. ಲೀಡರ್ ಮೇಜಿನ ತುದಿಯ ಕುರ್ಚಿಯಲ್ಲಿ ಕೂರದೆ ಪಕ್ಕದಲ್ಲೆಲ್ಲಾದರೂ ಕೂರಲಿ. ಇದು ಸಣ್ಣ ಸಂಗತಿಯೆಂದು ತೋರಬಹುದು, ಆದರೆ ಮಾತನಾಡುವ ಹುಡುಗ ಪ್ರತಿ ವಾಕ್ಯದ ಕೊನೆಗೂ ಯಾರ ಮುಖ ನೋಡುತ್ತಾನೆ ಎಂಬುದನ್ನು ಗಮನಿಸಿದರೆ ಕುರ್ಚಿಯ ಮಹತ್ವ ಅರ್ಥವಾಗುತ್ತದೆ. ‘ಏನು ಮಾಡೋಣ, ಸಾರ್?’ ಎಂದು ಕೇಳಿದಾಗ ‘ಕೌನ್ಸಿಲ್ ಏನೆನ್ನುತ್ತದೆ?’ ಎಂದಷ್ಟೇ ಹೇಳಿ ಸುಮ್ಮನಿರುವುದು ಅಭ್ಯಾಸವಾಗುವವರೆಗೆ ಕಷ್ಟ. ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮಾಡಬೇಕಾದವರ ಹೆಸರು ಮತ್ತು ದಿನಾಂಕವನ್ನು ಎದುರಿಗೇ ನಮೂದಿಸಲಿ. ಮುಂದಿನ ಸಭೆ ಆ ಪುಟವನ್ನು ಓದುವುದರಿಂದಲೇ ಆರಂಭವಾಗಲಿ.

ಈ ಲೇಖನದ ಅರ್ಧ ಭಾಗವನ್ನು ಹಣದ ವಿಷಯಕ್ಕೇ ಮೀಸಲಿಡಬಹುದಿತ್ತು. ಕಾರ್ಯಕ್ರಮವನ್ನು ಹುಡುಗರಿಗೆ ಬಿಟ್ಟು ಹಣವನ್ನು ತಮ್ಮ ಬಳಿ ಇಟ್ಟುಕೊಳ್ಳುವ ಲೀಡರ್ ಏನನ್ನೂ ಬಿಟ್ಟುಕೊಟ್ಟಿಲ್ಲ. ಬ್ಯಾಂಕ್ ಖಾತೆಯೂ ಲೆಕ್ಕಪರಿಶೋಧನೆಯೂ ಕಾಲೇಜಿನ ನಿಯಮದಂತೆಯೇ ಇರಲಿ. ಆದರೆ ಪ್ರತಿ ಕಾರ್ಯಕ್ರಮದ ಅಂದಾಜು ಪಟ್ಟಿಯನ್ನು ಕೌನ್ಸಿಲ್ ಬರೆಯಬೇಕು, ಮುಂಗಡವನ್ನು ಖಜಾಂಚಿಯಾದ ರೋವರ್ ಪಡೆಯಬೇಕು, ದೇವರಾಜ ಮಾರುಕಟ್ಟೆಯಲ್ಲಿ ತರಕಾರಿಯ ಬೆಲೆಯನ್ನು ಅವನೇ ವಿಚಾರಿಸಬೇಕು, ರಸೀದಿಗಳನ್ನು ಅಂಟಿಸಿದ ಹಾಳೆಯನ್ನು ವಾರದೊಳಗೆ ಎಲ್ಲರೆದುರು ಓದಬೇಕು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕರಿಘಟ್ಟದ ತಪ್ಪಲಿಗೆ ಸೈಕಲ್ ಸಂಚಾರ ಹೊರಟಾಗ, ಅಡುಗೆ ತಂಡದ ಪಟ್ಟಿಯಲ್ಲಿ ಉಪ್ಪೂ ಇಲ್ಲ, ಬೆಂಕಿಪೊಟ್ಟಣವೂ ಇಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಹೇಳದೆ ಎರಡನ್ನೂ ನನ್ನ ಚೀಲದಲ್ಲಿ ಹಾಕಿಕೊಂಡೆ. ಊಟದ ಹೊತ್ತಿಗೆ ತೆಗೆದುಕೊಟ್ಟು ಜಾಣನೆನಿಸಿಕೊಂಡೆ. ಮುಂದಿನ ಸಂಚಾರದಲ್ಲಿ ಅವರು ಎಣ್ಣೆ ಮರೆತರು, ಮತ್ತು ಎಲ್ಲರೂ ನನ್ನ ಚೀಲದತ್ತ ನೋಡಿದರು. ಈ ಸಲ ಅದರಲ್ಲಿ ನೀರಿನ ಬಾಟಲಿಯ ಹೊರತು ಏನೂ ಇರಲಿಲ್ಲ. ಒಗ್ಗರಣೆಯಿಲ್ಲದ ಸಾರನ್ನು ಉಂಡ ಆ ತಂಡ, ಹೊರಡುವ ಹಿಂದಿನ ಸಂಜೆ ಪಟ್ಟಿ ಹಿಡಿದು ಸಾಮಾನು ಎಣಿಸುವ ಪದ್ಧತಿಯನ್ನು ತಾನೇ ಆರಂಭಿಸಿತು.

ಎಲ್ಲ ತಪ್ಪುಗಳಿಗೂ ಹೀಗೆ ಅವಕಾಶ ಕೊಡಲಾಗದು. ಉಪ್ಪಿಲ್ಲದ ಊಟ ಒಂದು, ಬಲಮುರಿಯಲ್ಲಿ ನೀರಿಗಿಳಿಯುವುದು ಇನ್ನೊಂದು. ಕಾವೇರಿಯ ಆ ಭಾಗದಲ್ಲಿ ಈಜಲು ಹೋಗಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆದ್ದರಿಂದ ಮೂರನೆಯ ಹೆಜ್ಜೆಯಾಗಿ, ವರ್ಷದ ಮೊದಲ ಸಭೆಯಲ್ಲಿಯೇ ಲೀಡರ್ ತಮ್ಮಲ್ಲಿ ಉಳಿಸಿಕೊಳ್ಳುವ ಅಧಿಕಾರಗಳನ್ನು ಬರೆದು ಓದಿ ಹೇಳಬೇಕು: ನೀರು, ರಸ್ತೆ, ರಾತ್ರಿ ಸಂಚಾರ ಇವುಗಳ ಸುರಕ್ಷತೆ, ಪೋಷಕರ ಒಪ್ಪಿಗೆ ಪತ್ರ, ರೇಂಜರ್ ಹುಡುಗಿಯರು (ರೋವರ್‌ಗೆ ಸಮನಾದ ಹುಡುಗಿಯರ ಶಾಖೆಯವರು) ಜೊತೆಗಿದ್ದರೆ ಮಹಿಳಾ ಲೀಡರ್ ಇರಲೇಬೇಕೆಂಬುದು, ಯಾರ ಮೇಲಾದರೂ ಕಿರುಕುಳ ನಡೆದರೆ ಅದರ ವಿಚಾರಣೆ. ಕೊನೆಯದನ್ನು ಕೌನ್ಸಿಲ್ ಎದುರಿಗೆ ತರಲೇಬಾರದು. ಪಟ್ಟಿ ಚಿಕ್ಕದಾಗಿದ್ದಷ್ಟೂ ಅದರ ಮಾತು ನಡೆಯುತ್ತದೆ.

ಇಷ್ಟಾದ ಮೇಲೆ ನಿಜವಾದ ಕೆಲಸವೊಂದನ್ನು ಕೊಡಿ. ರೋವರ್‌ಗಳ ಧ್ಯೇಯವಾಕ್ಯವೇ ಸೇವೆ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಬರುವ ಜನಸಾಗರದ ನಡುವೆ ಕುಡಿಯುವ ನೀರು ಕೊಡುವುದು, ಮೆಟ್ಟಿಲಿನಲ್ಲಿ ದಣಿದ ಹಿರಿಯರಿಗೆ ನೆರವಾಗುವುದು, ತಪ್ಪಿಸಿಕೊಂಡ ಮಗುವನ್ನು ಪೊಲೀಸರ ಬಳಿಗೆ ತಲುಪಿಸುವುದು ಹದಿನೇಳರ ಹುಡುಗರಿಗೆ ತಕ್ಕ ಕೆಲಸಗಳು. ಅನುಮತಿಗಾಗಿ ಪತ್ರ ಬರೆಯುವುದು, ಪಾಳಿಯ ಪಟ್ಟಿ ಮಾಡುವುದು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರುವವರು ಯಾರೆಂದು ನಿಷ್ಠುರವಾಗಿ ಕೇಳುವುದು ಎಲ್ಲವೂ ಕೌನ್ಸಿಲ್‌ನದು. ಕೆಲಸ ಮುಗಿದ ಎರಡು ದಿನಗಳೊಳಗೆ ಅವಲೋಕನ ಸಭೆ ಸೇರಲಿ. ಅಲ್ಲಿ ಲೀಡರ್ ಕೊನೆಯಲ್ಲಿ ಮಾತನಾಡಲಿ, ಸ್ವಲ್ಪವೇ ಮಾತನಾಡಲಿ.

ಪದವಿಪೂರ್ವ ಕಾಲೇಜಿನ ಘಟಕಗಳಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಎರಡನೆಯ ವರ್ಷದವರು ಪರೀಕ್ಷೆಯ ಹೊತ್ತಿಗೆ ಮರೆಯಾಗುತ್ತಾರೆ, ಜೂನ್‌ನಲ್ಲಿ ಘಟಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆದ್ದರಿಂದ ಮೇಟ್‌ಗಳ ಸಹಾಯಕರನ್ನು ಮೊದಲ ವರ್ಷದವರಿಂದಲೇ ಆರಿಸಿ, ಡಿಸೆಂಬರ್‌ನಲ್ಲಿಯೇ ಹೊಸ ಕೌನ್ಸಿಲ್ ರಚಿಸಿ, ಒಂದು ತಿಂಗಳು ಹಳಬರೂ ಹೊಸಬರೂ ಒಟ್ಟಿಗೆ ಕೂರುವಂತೆ ಮಾಡಬೇಕು. ಜನವರಿಯ ಒಂದು ಶನಿವಾರ ಹಳೆಯ ಖಜಾಂಚಿ ನಗದು ಪುಸ್ತಕವನ್ನೂ, ಡೇರೆ, ಹಗ್ಗ, ಪಾತ್ರೆಗಳ ಪಟ್ಟಿಯನ್ನೂ ಹೊಸಬನೆದುರು ಒಂದೊಂದಾಗಿ ಎಣಿಸಿ ಒಪ್ಪಿಸಿ ಸಹಿ ಪಡೆಯಲಿ. ಎರಡು ಗೂಟ ಕಡಿಮೆ ಬಂದರೆ, ಅದನ್ನೂ ಆ ಪಟ್ಟಿಯಲ್ಲಿಯೇ ಬರೆಯಲಿ.